ಹಳೆ ವಿಡಿಯೊದ ಕಲೆ ಅಳಿಸುವುದು ಹೇಗೆ? ರೀಲಿನ ಧೂಳು ಹೋಗಬೇಕು, ಧಾರಾವಿಯ ಧೂಳು ಉಳಿಯಬೇಕು

ಮುಂಬೈನ ಧಾರಾವಿಯಲ್ಲಿರುವ ಕುಂಭಾರವಾಡದಲ್ಲಿ ಆವಿಗೆಗೆ ಬೆಂಕಿ ಹಾಕಿದರೆ ಓಣಿಯ ತುಂಬ ಹೊಗೆ, ಬೂದಿ. ಆ ದೃಶ್ಯವನ್ನು ಹಿಂದೆ ಯಾರೋ ಫಿಲ್ಮ್‌ನಲ್ಲಿ ಸೆರೆಹಿಡಿದಿದ್ದು, ಈಗ ಅದನ್ನು ಡಿಜಿಟಲ್‌ಗೆ ಇಳಿಸಿದರೆ ಪರದೆಯ ಮೇಲೆ ಎರಡು ಬಗೆಯ ಚುಕ್ಕೆಗಳು ಕಾಣುತ್ತವೆ. ಒಂದು ಗಾಳಿಯಲ್ಲಿ ಹಾರುತ್ತಿದ್ದ ಬೂದಿಯದು, ಇನ್ನೊಂದು ರೀಲಿಗೆ ಅಂಟಿದ ಧೂಳಿನದು. ಅಳಿಸಬೇಕಾದ್ದು ಎರಡನೆಯದನ್ನು ಮಾತ್ರ. ಕಂಪ್ಯೂಟರ್ ಈ ವ್ಯತ್ಯಾಸದಲ್ಲಿ ಆಗಾಗ ಎಡವುತ್ತದೆ. ಹಾಗಾಗಿಯೇ ಒಂದೊಂದೇ ಫ್ರೇಮ್ ತೆರೆದು ತಿದ್ದುವ ಕೆಲಸ ಇಂದಿಗೂ ಮನುಷ್ಯರ ಪಾಲಿಗೆ ಉಳಿದಿದೆ.

ಎಷ್ಟು ಫ್ರೇಮ್?

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಎರಡು ಗಂಟೆಯ ಚಿತ್ರದಲ್ಲಿ 1,72,800 ಫ್ರೇಮ್‌ಗಳು. ಒಂದೊಂದಕ್ಕೆ ಬರೀ 20 ಸೆಕೆಂಡ್ ಕೊಟ್ಟರೂ 960 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 120 ದಿನ ಬೇಕು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮ್‌ನಲ್ಲೂ ಸಮ ಗೆರೆಗಳದೊಂದು, ಬೆಸ ಗೆರೆಗಳದೊಂದು, ಹೀಗೆ ಎರಡು ಅರ್ಧಗಳಿರುತ್ತವೆ. ಕಲೆ ಒಂದು ಅರ್ಧದಲ್ಲಿ ಮಾತ್ರ ಇರಬಹುದು. ಅದನ್ನು ಗಮನಿಸದೆ ಇಡೀ ಫ್ರೇಮ್ ತಿದ್ದಿದರೆ ಸರಿಯಿದ್ದ ಅರ್ಧವೂ ಕೆಡುತ್ತದೆ.

ಕಲೆಯಲ್ಲೂ ಬಗೆಗಳಿವೆ

ನೆಗೆಟಿವ್ ಮೇಲೆ ಕುಳಿತ ಧೂಳು ಪ್ರಿಂಟ್‌ನಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತದೆ. ಪ್ರಿಂಟ್ ಮೇಲೇ ಕುಳಿತದ್ದು ಕಪ್ಪಾಗಿ ಕಾಣುತ್ತದೆ. ಚುಕ್ಕೆಯ ಬಣ್ಣ ನೋಡಿಯೇ ಕೊಳೆ ಯಾವ ಹಂತದಲ್ಲಿ ಸೇರಿತೆಂದು ಅನುಭವಿಗಳು ಊಹಿಸುತ್ತಾರೆ. ಧೂಳು ಸಾಮಾನ್ಯವಾಗಿ ಒಂದೇ ಫ್ರೇಮ್‌ನಲ್ಲಿ ಬಂದು ಹೋಗುತ್ತದೆ. ಗೀರು ಹಾಗಲ್ಲ, ರೀಲು ಓಡುವ ದಿಕ್ಕಿನಲ್ಲೇ ನೂರಾರು ಫ್ರೇಮ್‌ಗಳವರೆಗೆ ಉದ್ದಕ್ಕೂ ಸಾಗುತ್ತದೆ. ವಿಎಚ್‌ಎಸ್ ಕ್ಯಾಸೆಟ್‌ನ ತೊಂದರೆ ಬೇರೆ. ಟೇಪಿನ ಕಾಂತೀಯ ಲೇಪ ಉದುರಿದ ಜಾಗದಲ್ಲಿ ಚಿತ್ರಕ್ಕೆ ಅಡ್ಡಲಾಗಿ ಬಿಳಿ ಗೆರೆಯೊಂದು ಮಿಂಚಿ ಮಾಯವಾಗುತ್ತದೆ.

ತಿದ್ದುವ ಬಗೆ ಕೇಳಲು ಸರಳ. ಕಲೆಯಿರುವ ಫ್ರೇಮ್‌ನ ಹಿಂದಿನ ಅಥವಾ ಮುಂದಿನ ಫ್ರೇಮ್‌ನಲ್ಲಿ ಅದೇ ಜಾಗ ಶುಭ್ರವಾಗಿದ್ದರೆ ಅಲ್ಲಿಂದ ಆ ತುಣುಕನ್ನು ತಂದು ಕೂರಿಸುವುದು. ಕ್ಯಾಮೆರಾ ಅಲುಗಾಡದಿದ್ದರೆ ಇದು ಸುಲಭ. ಪಾತ್ರಧಾರಿ ಓಡುತ್ತಿದ್ದರೆ, ಬಟ್ಟೆ ಹಾರುತ್ತಿದ್ದರೆ ತಂದ ತುಣುಕು ಹೊಂದುವುದಿಲ್ಲ. ಆಗ ಅದೇ ಫ್ರೇಮ್‌ನ ಅಕ್ಕಪಕ್ಕದ ಭಾಗದಿಂದ ನಕಲು ಮಾಡಿ ತುಂಬಬೇಕಾಗುತ್ತದೆ. ನಿಲ್ಲಿಸಿ ನೋಡಿದಾಗ ಚೆನ್ನಾಗಿ ಕಂಡ ತಿದ್ದುಪಡಿ, ಓಡಿಸಿದಾಗ ಮಿಣುಕುವುದೂ ಉಂಟು. ಹೀಗಾಗಿ ಪ್ರತಿ ತಿದ್ದುಪಡಿಯನ್ನೂ ಓಡಿಸಿ ನೋಡಲೇಬೇಕು.

ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶಗಳಲ್ಲಿ ಧೂಳನ್ನು ತಾನಾಗಿಯೇ ತೆಗೆಯುವ ಸೌಲಭ್ಯವಿದೆ. ಒಂದೇ ಫ್ರೇಮ್‌ನಲ್ಲಿ ಕಂಡು ಮರೆಯಾದದ್ದೆಲ್ಲ ಕೊಳೆ ಎಂಬುದು ಇಂಥ ಸೌಲಭ್ಯಗಳ ಸಾಮಾನ್ಯ ಲೆಕ್ಕ. ಮಳೆಹನಿ, ವೆಲ್ಡಿಂಗ್ ಕಿಡಿ, ರೆಪ್ಪೆಯ ಕೆಳಗಿನ ಹೊಳಪು, ಹಾರುವ ಹಕ್ಕಿ ಇವೂ ಆ ಲೆಕ್ಕಕ್ಕೆ ಸಿಕ್ಕಿಬೀಳುತ್ತವೆ. ತೀವ್ರತೆ ಹೆಚ್ಚಿಸಿದಷ್ಟೂ ಚಿತ್ರ ಸ್ವಚ್ಛವಾಗುತ್ತದೆ, ಮುಖಗಳು ಮಾತ್ರ ಮೇಣದ ಬೊಂಬೆಯಂತಾಗುತ್ತವೆ. ಯೂಟ್ಯೂಬ್‌ನಲ್ಲಿ ‘4ಕೆ’ ಹಣೆಪಟ್ಟಿ ಹೊತ್ತ ಎಷ್ಟೋ ಹಳೆ ಹಾಡುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಪ್ಪು-ಬಿಳುಪಿನ ಕಷ್ಟ

ಬಣ್ಣದ ಫಿಲ್ಮ್‌ಗೆ ಇನ್‌ಫ್ರಾರೆಡ್ ಸ್ಕ್ಯಾನಿಂಗ್ ನೆರವಾಗುತ್ತದೆ. ಚಿತ್ರದ ಬಣ್ಣಗಳು ಆ ಬೆಳಕನ್ನು ತಡೆಯುವುದಿಲ್ಲ, ಧೂಳು ತಡೆಯುತ್ತದೆ. ಹೀಗೆ ಕೊಳೆಯ ನಕ್ಷೆಯೇ ಸಿಗುತ್ತದೆ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಚಿತ್ರವಿರುವುದು ಬೆಳ್ಳಿಯ ಕಣಗಳಲ್ಲಿ. ಅವೂ ಆ ಬೆಳಕನ್ನು ತಡೆಯುವುದರಿಂದ ಈ ಉಪಾಯ ನಡೆಯದು.

ಕನ್ನಡದ ‘ಘಟಶ್ರಾದ್ಧ’ (1977) ಇಂಥದೇ ಕಪ್ಪು-ಬಿಳುಪು ಚಿತ್ರ. ಯು.ಆರ್. ಅನಂತಮೂರ್ತಿ ಅವರ ಕಥೆ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ. ಸ್ವರ್ಣಕಮಲ ಪಡೆದ ಈ ಚಿತ್ರಕ್ಕೂ ಮುಂಬೈಗೂ ಎರಡು ನಂಟು. ನಿರ್ಮಾಪಕ ಸದಾನಂದ ಸುವರ್ಣ ಮುಂಬೈ ಕನ್ನಡ ರಂಗಭೂಮಿಯಲ್ಲಿ ದೊಡ್ಡ ಹೆಸರು. ಚಿತ್ರದ ಪುನರುಜ್ಜೀವನಕ್ಕೆ ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜತೆ ಕೈಜೋಡಿಸಿದ್ದು, 2014ರಲ್ಲಿ ಮುಂಬೈನಲ್ಲಿ ಶುರುವಾದ ಫಿಲ್ಮ್ ಹೆರಿಟೇಜ್ ಫೌಂಡೇಷನ್. ಹೊಸ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಧಾರಾವಿಗೆ ಏಕೆ ಮುಖ್ಯ?

ಧಾರಾವಿಯ ಹೆಸರನ್ನೇ ಹೊತ್ತ ಸುಧೀರ್ ಮಿಶ್ರಾ ಅವರ ಹಿಂದಿ ಚಿತ್ರ, ಓಂ ಪುರಿ ಅವರನ್ನು ಟ್ಯಾಕ್ಸಿ ಚಾಲಕನಾಗಿ ತೋರಿಸಿ, ಅತ್ಯುತ್ತಮ ಹಿಂದಿ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಪಡೆಯಿತು. ಅಂಥ ಚಿತ್ರಗಳು ಎಲ್ಲೋ ಒಂದು ಕಡೆ ಉಳಿಯುತ್ತವೆ. ಇಲ್ಲಿನ ತಮಿಳು, ಮರಾಠಿ, ಗುಜರಾತಿ, ಕನ್ನಡ ಕುಟುಂಬಗಳ ಮದುವೆ, ಗಣೇಶೋತ್ಸವಗಳ ಕ್ಯಾಸೆಟ್‌ಗಳಿಗೆ ಆ ಭರವಸೆ ಇಲ್ಲ. ಪುನರಾಭಿವೃದ್ಧಿ ಯೋಜನೆಯಲ್ಲಿ ಓಣಿಗಳು ಬದಲಾದ ಮೇಲೆ ಮನೆಯ ಬಾಗಿಲು, ಅಂಗಡಿಯ ಫಲಕ ಕಾಣಸಿಗುವುದು ಆ ಟೇಪುಗಳಲ್ಲೇ. ಅವುಗಳ ಹಿನ್ನೆಲೆಯನ್ನು ‘ಚೊಕ್ಕ’ ಮಾಡಲು ಹೋಗಿ ತಂತಿ, ಫಲಕ, ಗೋಡೆಬರಹ ಅಳಿಸಿದರೆ ಮತ್ತೆ ಸಿಗುವುದಿಲ್ಲ.

ಮನೆಯಲ್ಲಿ ಕ್ಯಾಸೆಟ್ ಇರುವವರು ಮೊದಲು ಡಿಜಿಟಲ್ ಪ್ರತಿ ಮಾಡಿಸಿ, ಅದನ್ನು ತಿದ್ದದೆ ಎರಡು ಕಡೆ ಇಡುವುದು ಒಳ್ಳೆಯದು. ತಿದ್ದುಪಡಿಯೆಲ್ಲ ಅದರ ನಕಲಿನ ಮೇಲೆ. ಅವಸರ ಬೇಕಿರುವುದು ಪ್ರತಿ ಮಾಡಿಸುವುದಕ್ಕೆ: ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿದೆ. ಕಲೆ ತೆಗೆಯುವ ಕೆಲಸವನ್ನು ಹತ್ತು ವರ್ಷ ಬಿಟ್ಟೂ ಮಾಡಬಹುದು.