ಜಿಲ್ಲೆ ಒಂದು, ಕ್ಷೇತ್ರ ಮತ್ತೊಂದು

ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿಯ ರೈತನು ಪಹಣಿಯ ತಿದ್ದುಪಡಿಗೆ ಕುಣಿಗಲ್ಲಿನ ಕಚೇರಿಯ ಮೆಟ್ಟಿಲನ್ನು ಹತ್ತುವನು. ಅಲ್ಲಿ ಇತ್ಯರ್ಥವಾಗದಿದ್ದರೆ ತುಮಕೂರಿನ ಜಿಲ್ಲಾಧಿಕಾರಿಗಳ ಬಳಿಗೆ ಅರ್ಜಿಯನ್ನು ಒಯ್ಯುವನು. ಆದರೆ ಲೋಕಸಭೆಗೆ ಮತ ಚಲಾಯಿಸುವ ದಿನ ಮಾತ್ರ ಅವನು ತುಮಕೂರಿನವನಲ್ಲ. ಅಂದು ಅವನ ಮತವು ಆನೇಕಲ್ಲಿನ ಕಾರ್ಖಾನೆಯ ಕಾರ್ಮಿಕನ ಮತದೊಡನೆಯೂ ರಾಜರಾಜೇಶ್ವರಿನಗರದ ಬಹುಮಹಡಿ ಮನೆಗಳವರ ಮತದೊಡನೆಯೂ ಬೆರೆತು, ಬೆಂಗಳೂರು ಗ್ರಾಮಾಂತರವೆಂಬ ಕ್ಷೇತ್ರದ ಸದಸ್ಯನನ್ನು ದೆಹಲಿಗೆ ಕಳುಹಿಸುತ್ತದೆ. ತುಮಕೂರು ಜಿಲ್ಲೆಯ 11 ವಿಧಾನಸಭಾ ಕ್ಷೇತ್ರಗಳಲ್ಲಿ ಗುಬ್ಬಿಯೂ ತುಮಕೂರು ನಗರವೂ ಸೇರಿದಂತೆ 8 ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಉಳಿದುವು. ಶಿರಾ, ಪಾವಗಡಗಳು ಚಿತ್ರದುರ್ಗಕ್ಕೆ ಸಂದುವು. ಕುಣಿಗಲ್ ಒಂದೇ ಒಂಟಿಯಾಗಿ ಬೆಂಗಳೂರಿನ ಮಗ್ಗುಲಿಗೆ ಸೇರಿತು.

ಹಳೆಯ ಮೈಸೂರಿನಲ್ಲಿ ಹೀಗಿರಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ, ಸಂಸ್ಥಾನದ ನಾನಾ ಕಡೆಗಳಿಂದ ಮೈಸೂರಿಗೆ ಬಂದ 144 ಮಂದಿ ಭೂಮಾಲಿಕರೂ ವರ್ತಕರೂ ತಮ್ಮ ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನು ಹೊತ್ತು ಬಂದವರು. ಆ ಸಭೆಗೆ ಅಧಿಕಾರವೆಂಬುದು ಅತ್ಯಲ್ಪ, ನಿಜ. ಆದರೆ ಆಡಳಿತದ ಘಟಕವಾದ ತಾಲ್ಲೂಕೇ ಪ್ರಾತಿನಿಧ್ಯದ ಘಟಕವೂ ಆಗಿದ್ದುದರಿಂದ, ಯಾರ ಪರವಾಗಿ ಯಾರು ಮಾತನಾಡುತ್ತಿದ್ದಾರೆಂಬ ವಿಷಯದಲ್ಲಿ ಗೊಂದಲವಿರಲಿಲ್ಲ. ಸಂಖ್ಯೆಯ ಲೆಕ್ಕಾಚಾರವು ಸೀಮೆಯ ಲೆಕ್ಕಾಚಾರವನ್ನು ಹಿಂದಿಕ್ಕಿದುದು ಸಾರ್ವತ್ರಿಕ ಮತದಾನ ಬಂದ ಮೇಲೆ.

ಇಂದಿನ ಬೆಂಗಳೂರು ಗ್ರಾಮಾಂತರಕ್ಕೆ ಮೂಲವಾದುದು ಕನಕಪುರ ಲೋಕಸಭಾ ಕ್ಷೇತ್ರ. 1967ರಲ್ಲಿ ಅಲ್ಲಿಂದ ಎಂ. ವಿ. ರಾಜಶೇಖರನ್ ಅವರು ಆಯ್ಕೆಯಾದರು. 1971ರಲ್ಲಿ, ಮುಂದೆ ರೈಲ್ವೆ ಸಚಿವರಾಗಿ ಪ್ರಸಿದ್ಧರಾದ ಸಿ. ಕೆ. ಜಾಫರ್ ಷರೀಫ್ ಅವರು. ಅನಂತರ 1977ರಿಂದ 1991ರವರೆಗಿನ ಐದು ಚುನಾವಣೆಗಳಲ್ಲಿಯೂ ಎಂ. ವಿ. ಚಂದ್ರಶೇಖರಮೂರ್ತಿಯವರೇ ಗೆದ್ದರು. ತುರ್ತುಪರಿಸ್ಥಿತಿಯ ಬಿರುಗಾಳಿಯಾಗಲಿ, ರಾಮಕೃಷ್ಣ ಹೆಗಡೆಯವರ ಕಾಲದ ಜನತಾ ಅಲೆಯಾಗಲಿ ಅವರನ್ನು ಕದಲಿಸಲಿಲ್ಲ. ದೀರ್ಘವಾದ ಈ ಪ್ರಶಾಂತಿಯ ಬಗ್ಗೆ ಚರಿತ್ರಕಾರನಿಗೆ ಹೇಳುವುದು ಹೆಚ್ಚಿಲ್ಲ.

ಸ್ವಾರಸ್ಯವಿರುವುದು ಆಮೇಲಿನ ಕಾಲದಲ್ಲಿ. ಹಾಸನ ಜಿಲ್ಲೆಯ ಎಚ್. ಡಿ. ದೇವೇಗೌಡರು 1994ರಲ್ಲಿ ರಾಮನಗರದಿಂದ ವಿಧಾನಸಭೆಗೆ ಆರಿಸಿ ಬಂದು ಮುಖ್ಯಮಂತ್ರಿಗಳಾದುದರಿಂದ ಈ ನೆಲ ಎರಡು ಮನೆತನಗಳ ಅಖಾಡವಾಗಿ ಪರಿಣಮಿಸಿತು. 1996ರಲ್ಲಿ ತಂದೆ ಪ್ರಧಾನಿಯಾದ ವರ್ಷವೇ ಮಗ ಎಚ್. ಡಿ. ಕುಮಾರಸ್ವಾಮಿ ಕನಕಪುರದಿಂದ ಲೋಕಸಭೆಯನ್ನು ಪ್ರವೇಶಿಸಿದರು. 1998ರಲ್ಲಿ ಭಾರತೀಯ ಜನತಾ ಪಕ್ಷದ ಎಂ. ಶ್ರೀನಿವಾಸ್ ಗೆದ್ದರು, 1999ರಲ್ಲಿ ಚಂದ್ರಶೇಖರಮೂರ್ತಿಯವರು ಮರಳಿ ಬಂದರು. ಅವರ ನಿಧನಾನಂತರ 2002ರಲ್ಲಿ ನಡೆದ ಉಪಚುನಾವಣೆಯಲ್ಲಿ, ಮಾಜಿ ಪ್ರಧಾನಿಯೊಬ್ಬರು ಸಾತನೂರಿನ ಶಾಸಕ ಡಿ. ಕೆ. ಶಿವಕುಮಾರ್ ಅವರನ್ನು ಎದುರಿಸಿ ಗೆದ್ದುದೂ, ಎರಡೇ ವರ್ಷಗಳಲ್ಲಿ, ದೂರದರ್ಶನದ ಪರದೆಯಿಂದ ಬಂದ ಪತ್ರಕರ್ತೆ ತೇಜಸ್ವಿನಿಯವರಿಗೆ ಅದೇ ಕ್ಷೇತ್ರವನ್ನು ಬಿಟ್ಟುಕೊಡಬೇಕಾಗಿ ಬಂದುದೂ ಕರ್ನಾಟಕದ ಚುನಾವಣಾ ಚರಿತ್ರೆಯಲ್ಲಿ ನೆನಪಿನಲ್ಲಿಡತಕ್ಕ ಪ್ರಸಂಗಗಳು. ಆದರೆ ಇಷ್ಟೂ ಕಾಳಗವನ್ನು ಅಮೃತೂರಿನವರು ನೆರೆಯವರಾಗಿ ನಿಂತು ನೋಡಿದವರೇ ಹೊರತು ಅದರಲ್ಲಿ ಭಾಗಿಗಳಾಗಿರಲಿಲ್ಲ.

ಭಾಗಿಗಳಾದುದು 2008ರಲ್ಲಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಗೆರೆಗಳನ್ನು ಹೊಸದಾಗಿ ಎಳೆದಾಗ, ಕನಕಪುರ ಲೋಕಸಭಾ ಕ್ಷೇತ್ರ ಅಳಿಯಿತು. ವಿಧಾನಸಭೆಯಲ್ಲಿ ಸಾತನೂರು ಅಳಿಯಿತು, ನಮ್ಮ ಹುಲಿಯೂರುದುರ್ಗವೂ ಅಳಿಯಿತು. ಕುಣಿಗಲ್, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ಎಂಬ ಎಂಟನ್ನು ಒಟ್ಟುಗೂಡಿಸಿ ಅದಕ್ಕೆ ಬೆಂಗಳೂರು ಗ್ರಾಮಾಂತರವೆಂದು ನಾಮಕರಣ ಮಾಡಲಾಯಿತು. ವಿನೋದವೆಂದರೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿ ಒಂದಾದರೂ ಈ ಕ್ಷೇತ್ರದಲ್ಲಿಲ್ಲ. ಅವು ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ. ರಾಜಧಾನಿಯ ಸೆರಗಿನಲ್ಲಿ ಉಳಿದುದನ್ನೆಲ್ಲ ಒಂದೆಡೆ ಗಂಟುಕಟ್ಟಿದರು ಎಂದರೆ ಅತಿಶಯೋಕ್ತಿಯಾಗದು.

ಈ ಹೊಸ ಕ್ಷೇತ್ರದಿಂದ 2009ರಲ್ಲಿ ಕುಮಾರಸ್ವಾಮಿಯವರೇ ಮೊದಲು ಗೆದ್ದರು. 2013ರಲ್ಲಿ ಅವರು ವಿಧಾನಸಭೆಗೆ ಹೋದುದರಿಂದ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಅನಿತಾ ಅವರನ್ನು ಶಿವಕುಮಾರರ ತಮ್ಮ ಡಿ. ಕೆ. ಸುರೇಶ್ ಸೋಲಿಸಿದರು, 2014ರಲ್ಲಿಯೂ ಗೆದ್ದರು, 2019ರಲ್ಲಿಯಂತೂ ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದಕ್ಕಿದುದು ಇದೊಂದೇ. ಕುಣಿಗಲ್ಲಿನಲ್ಲಿ 2018 ಮತ್ತು 2023ರಲ್ಲಿ ಶಾಸಕರಾದ ಡಾ. ಎಚ್. ಡಿ. ರಂಗನಾಥರೂ ಅದೇ ಪಕ್ಷದವರು. ಆದರೆ 2024ರಲ್ಲಿ ದೇವೇಗೌಡರ ಅಳಿಯ, ಹೃದ್ರೋಗತಜ್ಞ ಡಾ. ಸಿ. ಎನ್. ಮಂಜುನಾಥ್ ಅವರು ಭಾರತೀಯ ಜನತಾ ಪಕ್ಷದಿಂದ ನಿಂತು 2,69,647 ಮತಗಳ ಅಂತರದಿಂದ ಗೆದ್ದರು. ಸುಮಾರು 28 ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ ಕುಣಿಗಲ್ಲಿನ ಪಾಲು ಸುಮಾರು 2 ಲಕ್ಷ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರವೊಂದರಲ್ಲಿಯೇ ಅದರ ಮೂರು ಪಟ್ಟಿಗೂ ಮಿಗಿಲಾದ ಮತದಾರರಿದ್ದಾರೆ. ಗೆದ್ದವರು ಯಾರೇ ಆಗಲಿ, ಅಮೃತೂರಿನ ಒಲವು ಆ ಫಲಿತಾಂಶವನ್ನು ನಿರ್ಣಯಿಸುವ ಸ್ಥಿತಿಯಲ್ಲಿಲ್ಲ.

ಇದರ ಪರಿಣಾಮ ಕಾಣುವುದು ನೀರಿನ ವಿಷಯದಲ್ಲಿ. ಶಿಂಷಾ ನದಿಗೆ ಅಡ್ಡಲಾಗಿ ಮಹಾರಾಜರ ಕಾಲದಲ್ಲಿ ಕಟ್ಟಿದ, ಸ್ವಯಂಚಾಲಿತ ಸೈಫನ್‌ಗೆ ಹೆಸರಾದ ಮಾರ್ಕೋನಹಳ್ಳಿ ಜಲಾಶಯವು ಈ ಭಾಗದ ಗದ್ದೆ, ತೆಂಗುಗಳ ಆಸರೆ. ಅದರಿಂದಾಚೆಗಿನ ಆಸೆಯೆಲ್ಲ ಗೊರೂರಿನ ಹೇಮಾವತಿಯ ಮೇಲೆ. ತುಮಕೂರು ನಾಲೆಯ ತುದಿಯಲ್ಲಿರುವ ಕುಣಿಗಲ್ಲಿಗೆ ತನ್ನ ಹಂಚಿಕೆಯ ನೀರು ಪೂರ್ಣವಾಗಿ ತಲುಪುತ್ತಿಲ್ಲವೆಂಬುದು ಇಲ್ಲಿಯವರ ಬಹುಕಾಲದ ದೂರು. ಸುಮಾರು 1,000 ಕೋಟಿ ರೂಪಾಯಿಯ ಲಿಂಕ್ ಕೆನಾಲ್ ಯೋಜನೆಯು ಆ ಕೊರತೆಯನ್ನು ನೀಗಿಸುವುದೆಂದು ಕುಣಿಗಲ್ಲಿನವರು ನಂಬಿದರೆ, ತಮ್ಮ ಪಾಲಿನ ನೀರು ರಾಮನಗರದ ಕಡೆಗೆ ಹರಿದುಹೋಗುವುದೆಂದು ಗುಬ್ಬಿ, ತುರುವೇಕೆರೆ, ತುಮಕೂರಿನವರು ಶಂಕಿಸಿದರು. 2024ರಲ್ಲಿ ತುಮಕೂರಿನಲ್ಲಿ ಬಂದ್ ನಡೆಯಿತು, 2025ರಲ್ಲಿ ಗುಬ್ಬಿಯ ಸೀಮೆಯಲ್ಲಿ ಕಾಮಗಾರಿಯ ವಿರುದ್ಧ ಉಗ್ರವಾದ ಪ್ರತಿಭಟನೆ ನಡೆಯಿತು. ನೆರೆಹೊರೆಯ ತಾಲ್ಲೂಕುಗಳ ನೀರಿನ ಕಲಹ ಹೊಸದಲ್ಲ. ಆದರೆ ಗುಬ್ಬಿಗೂ ಕುಣಿಗಲ್ಲಿಗೂ ಒಬ್ಬನೇ ಸಂಸದನಿದ್ದಿದ್ದರೆ, ಎರಡೂ ಕಡೆಯ ಮತಕ್ಕೆ ಅಂಜಿ ಅವನು ಮಧ್ಯಸ್ಥಿಕೆಗೆ ಇಳಿಯಲೇಬೇಕಾಗುತ್ತಿತ್ತು. ಇಬ್ಬರು ಇರುವೆಡೆ ಪ್ರತಿಯೊಬ್ಬನಿಗೂ ತನ್ನ ದಂಡೆಯ ಪರವಾಗಿ ಕೂಗುವುದೇ ಲಾಭ. ಗೆರೆ ಎಳೆದವರ ಗಮನಕ್ಕೆ ಈ ಸೂಕ್ಷ್ಮ ಬಂದಿರಲಾರದು. ಅವರ ಮುಂದಿದ್ದುದು ಜನಸಂಖ್ಯೆಯ ಕೋಷ್ಟಕ, ನಾಲೆಯ ನಕಾಶೆಯಲ್ಲ.

2026ರ ಅನಂತರದ ಮೊದಲ ಜನಗಣತಿ ಪ್ರಕಟವಾದ ಮೇಲೆ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಲು ಸಂವಿಧಾನದಲ್ಲಿ ಅವಕಾಶವಿದೆ. ಕಳೆದ ಸಲದಂತೆ ಕರಡು ಪ್ರಸ್ತಾವವನ್ನು ಪ್ರಕಟಿಸಿ, ಬಹಿರಂಗ ಸಭೆಗಳಲ್ಲಿ ಆಕ್ಷೇಪಣೆಗಳನ್ನು ಕೇಳುವ ಕ್ರಮ ಆಗಲೂ ಇದ್ದರೆ, ತುಮಕೂರಿನೊಡನೆ ಇರಬಯಸುವವರೂ ಬೆಂಗಳೂರಿನೊಡನೆ ಇರಬಯಸುವವರೂ ಪಕ್ಷದ ಮುಖಂಡರಿಗಾಗಿ ಕಾಯದೆ, ಗ್ರಾಮಪಂಚಾಯಿತಿಗಳ ಮೂಲಕ ತಮ್ಮ ಅಭಿಪ್ರಾಯವನ್ನು ಬರೆದು ಸಲ್ಲಿಸಬೇಕೆಂದು ಅಮೃತೂರು ಹೋಬಳಿಯ ಓದುಗರಲ್ಲಿ ನನ್ನ ವಿನಂತಿ.