ಔಷಧ ಕಂಪನಿಗಳ ಉಡುಗೊರೆ ಮತ್ತು ಲಂಚ: ಸಾರ್ವಜನಿಕರ ಗಮನಕ್ಕೆ

ಔಷಧ ಕಂಪನಿಯು ವೈದ್ಯರಿಗೆ ನೀಡುವ ಉಡುಗೊರೆಯ ವೆಚ್ಚವು ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆಯೇ ಬೀಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಇದನ್ನು ಗಮನಿಸಿ, ಇಂತಹ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದೆಂದು ತೀರ್ಪು ನೀಡಿದೆ. ಲೆಕ್ಕಪುಸ್ತಕದಲ್ಲಿ ಪ್ರಚಾರ ವೆಚ್ಚವೆಂದು ಬರೆದ ಮಾತ್ರಕ್ಕೆ ಅದರ ಸ್ವರೂಪ ಬದಲಾಗದು.

ವೈದ್ಯರು ಕಂಪನಿಗಳಿಂದ ಉಡುಗೊರೆ ಸ್ವೀಕರಿಸುವುದನ್ನು ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ 2009ರ ತಿದ್ದುಪಡಿಯು ನಿಷೇಧಿಸಿದೆ. ಕೇಂದ್ರ ಸರ್ಕಾರದ 2024ರ ಮಾರಾಟ ಸಂಹಿತೆಯಂತೆ ಕಂಪನಿಗಳು ವೈದ್ಯರ ಕುಟುಂಬದವರಿಗೂ ಉಡುಗೊರೆ ನೀಡತಕ್ಕದ್ದಲ್ಲ.

ಪಡೆಯುವವರು ಸರ್ಕಾರಿ ನೌಕರರಾಗಿದ್ದಲ್ಲಿ ಭ್ರಷ್ಟಾಚಾರ ತಡೆ ಅಧಿನಿಯಮ, 1988 ಅನ್ವಯಿಸುತ್ತದೆ. 2018ರ ತಿದ್ದುಪಡಿಯ ತರುವಾಯ ಲಂಚ ಕೊಟ್ಟವರೂ ಅಪರಾಧಿಗಳು. ಕೊಡಿಸಿದ ಕಂಪನಿಯೂ ಹೊಣೆ. ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳೊಳಗೆ ಪೊಲೀಸ್ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದಲ್ಲಿ ಮಾತ್ರ ಅವರಿಗೆ ವಿನಾಯಿತಿ. ಇದು ಆಸ್ಪತ್ರೆಯಲ್ಲಿ ಹಣ ಕೊಟ್ಟ ರೋಗಿಯ ಕಡೆಯವರಿಗೂ ಅನ್ವಯವಾಗುತ್ತದೆ. ಈ ಗಡುವನ್ನು ಅನೇಕರು ಅರಿಯದೆ ಕಳೆದುಕೊಳ್ಳುತ್ತಾರೆ. ಲಂಚ ಕೇಳಿದಾಗಲೇ, ಕೊಡುವ ಮೊದಲು ತಿಳಿಸುವುದು ಇನ್ನೂ ಉತ್ತಮ.

ಗುಡೂರು ಭಾಗದವರು ಬಾಗಲಕೋಟೆಯ ಲೋಕಾಯುಕ್ತ ಪೊಲೀಸರಿಗೆ ದೂರು ಸಲ್ಲಿಸಬಹುದು. ಭ್ರಷ್ಟಾಚಾರ ನಿಗ್ರಹ ದಳವು 2022ರಲ್ಲಿ ರದ್ದಾಗಿರುವುದರಿಂದ ಆ ಹೆಸರಿನ ಹಳೆಯ ಫಲಕಗಳನ್ನು ನೋಡಿ ಅಲೆಯಬೇಕಾಗಿಲ್ಲ. ದೂರಿನೊಂದಿಗೆ ಔಷಧ ಚೀಟಿ, ಬಿಲ್ಲು ಹಾಗೂ ಹಣ ಕೇಳಿದ ದಿನಾಂಕದ ವಿವರವನ್ನು ಒದಗಿಸತಕ್ಕದ್ದು.