ಸಕ್ಕರೆಯ ಆರತಿಯೂ ಕೇಕಿನ ಅಲಂಕಾರವೂ

ಹಸಿವು ಅನ್ನವನ್ನು ಮಾತ್ರ ಕೇಳುತ್ತದೆ. ಆ ಅನ್ನವು ನೋಟಕ್ಕೂ ಚೆಲುವಾಗಿರಬೇಕೆಂದು ಕೇಳುವುದು ಸಂಸ್ಕಾರ. ಎಲೆಯ ಮೇಲೆ ಯಾವ ಪದಾರ್ಥವು ಯಾವ ಮೂಲೆಯಲ್ಲಿರಬೇಕೆಂದು ನಿಯಮಿಸಿದ ಜನರು, ನೈವೇದ್ಯದ ಮುಂದೆ ರಂಗವಲ್ಲಿಯನ್ನು ಬಿಡಿಸಿದ ಜನರು, ಈ ಮಾತನ್ನು ಹೊಸದಾಗಿ ಕಲಿಯಬೇಕಾದುದಿಲ್ಲ. ಹೀಗಿರಲು, ಇತ್ತೀಚೆಗೆ ರಾಯಚೂರು ನಗರದಲ್ಲಿಯೂ ದೇವದುರ್ಗ, ಮಾನ್ವಿಗಳಂಥ ತಾಲೂಕು ಸ್ಥಳಗಳಲ್ಲಿಯೂ ಕೇಕನ್ನು ಸಿಂಗರಿಸುವ ಕಲೆಯನ್ನು ವಿರಾಮಕಾಲದ ಹವ್ಯಾಸವಾಗಿ ಕಲಿಯುವ ಗೃಹಿಣಿಯರನ್ನೂ ಯುವತಿಯರನ್ನೂ ಕಂಡು, ಹಿರಿಯರು ಇದು ಪರದೇಶದ ಹುಚ್ಚೆಂದು ಮೂಗು ಮುರಿಯುವುದುಂಟು. ಕಿರಿಯರು ಇದು ನಿನ್ನೆ ಮೊನ್ನೆ ಹುಟ್ಟಿದ ನವೀನ ವಿದ್ಯೆಯೆಂದು ಹಿಗ್ಗುವುದುಂಟು. ಈ ಎರಡು ಎಣಿಕೆಗಳೂ ಇತಿಹಾಸದ ಪರೀಕ್ಷೆಗೆ ನಿಲ್ಲತಕ್ಕವಲ್ಲ. ಕೇಕು ಹೊರಗಿನಿಂದ ಬಂದುದು ನಿಜ. ಆದರೆ ಅದರ ಮೇಲಣ ಸಕ್ಕರೆಯೂ, ಸಕ್ಕರೆಗೆ ರೂಪ ಕೊಡುವ ಕೈಯೂ ಈ ನಾಡಿಗೆ ಹಳೆಯವು.

ಮೊದಲು ಶಬ್ದವನ್ನೇ ವಿಚಾರಿಸತಕ್ಕದ್ದು. ಸಂಸ್ಕೃತದಲ್ಲಿ ‘ಶರ್ಕರಾ’ ಎಂದರೆ ಹರಳು, ನೊರಜುಗಲ್ಲು. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವುದನ್ನು ಕಂಡುಕೊಂಡ ಜನರು ಆ ಹೆಸರನ್ನೇ ಅದಕ್ಕೂ ಇಟ್ಟರು. ಅದು ಪ್ರಾಕೃತದ ದಾರಿಯಿಂದ ಕನ್ನಡಕ್ಕೆ ಬಂದು ‘ಸಕ್ಕರೆ’ಯಾಯಿತು, ಪಾರಸಿಯಲ್ಲಿ ‘ಶಕರ್’ ಎನಿಸಿ, ಅರಬ್ಬಿಯಲ್ಲಿ ‘ಸುಕ್ಕರ್’ ಎನಿಸಿ, ಇಂಗ್ಲಿಷರ ಬಾಯಲ್ಲಿ ‘ಶುಗರ್’ ಆಯಿತು. ‘ಖಂಡ’ವೆಂಬ ಮಾತು ಅದೇ ಹಾದಿಯನ್ನು ಹಿಡಿದು ‘ಕ್ಯಾಂಡಿ’ಯಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದ ಅಧ್ಯಕ್ಷನ ಕರ್ತವ್ಯವನ್ನು ವಿಧಿಸುವ ಪ್ರಕರಣದಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಕಬ್ಬಿನ ರಸದ ಐದು ಅವಸ್ಥೆಗಳನ್ನು ಎಣಿಸಿದೆ. ಕ್ರಿ. ಶ. ೬೪೭ರಲ್ಲಿ ಚೀನದ ಚಕ್ರವರ್ತಿ ತಾಯ್‌ಜೋಂಗನು ಸಕ್ಕರೆ ಕಾಯಿಸುವ ಕ್ರಮವನ್ನು ಕಲಿತು ಬರಲೆಂದು ಮಗಧಕ್ಕೆ ದೂತರನ್ನು ಕಳುಹಿಸಿದನೆಂದು ಆ ದೇಶದ ಚರಿತ್ರೆಯಲ್ಲಿದೆ. ಇತರರು ಕಲಿಯಲು ಬಂದ ವಿದ್ಯೆ ಇದು.

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರವು ಗ್ರಂಥಸ್ಥವಾದುದೂ ಬಹು ಹಿಂದೆಯೇ. ಎಡೆದೊರೆ ನಾಡೆಂದು ಶಾಸನಗಳಲ್ಲಿ ಹೆಸರಾದ ಈ ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯು ಕಲ್ಯಾಣದ ಚಾಳುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಅಡುಗೆಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಮಾನಸೋಲ್ಲಾಸವನ್ನು ರಚಿಸಿ, ಅದರಲ್ಲಿ ಗೋದಿಯ ಹಿಟ್ಟಿನಿಂದಲೂ ಹಾಲಿನಿಂದಲೂ ಮಾಡುವ ಸಿಹಿ ಭಕ್ಷ್ಯಗಳನ್ನು ವಿವರಿಸಿದನು. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಷಟ್ಪದಿಯಲ್ಲಿಯೇ ಬರೆದನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಾನಸೋಲ್ಲಾಸವು ಐದು ವಿಂಶತಿಗಳ ಗ್ರಂಥ. ಅನ್ನಭೋಗದ ಪ್ರಕರಣವು ಇರುವುದು ರಾಜನ ಉಪಭೋಗಗಳನ್ನು ಹೇಳುವ ಮೂರನೆಯ ವಿಂಶತಿಯಲ್ಲಿ. ಮನಸ್ಸನ್ನು ಅರಳಿಸುವ ವಿನೋದಗಳನ್ನು ಹೇಳುವ ನಾಲ್ಕನೆಯದರಲ್ಲಿ ಅಲ್ಲ. ಅಂದರೆ ಭಕ್ಷ್ಯವು ಉಣ್ಣುವವನಿಗೆ ಭೋಗವೆಂದು ಎಣಿಕೆಯಾಯಿತೇ ಹೊರತು, ಮಾಡುವವರಿಗೆ ಅದು ವಿನೋದವಾಗಬಹುದೆಂಬ ಯೋಚನೆಗೆ ಅಲ್ಲಿ ಎಡೆಯಾಗಲಿಲ್ಲ. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಬಗೆಬಗೆಯ ಭಕ್ಷ್ಯಗಳ ರಚನೆಯನ್ನೂ, ಅಕ್ಕಿ ಹೂವುಗಳಿಂದ ಚಿತ್ರ ಬಿಡಿಸುವುದನ್ನೂ ಸೇರಿಸಿದ್ದರೂ, ರಾಜಗ್ರಂಥವು ತಟ್ಟೆಯ ಕಡೆಯಿಂದ ನೋಡಿತು. ಒಲೆಯ ಕಡೆಯಿಂದ ನೋಡಲಿಲ್ಲ.

ಒಲೆಯ ಕಡೆಯ ಚರಿತ್ರೆಯು ಗ್ರಂಥದಲ್ಲಲ್ಲ, ಹಬ್ಬದಲ್ಲಿ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಕಾರ್ತಿಕ ಶುದ್ಧ ಪೂರ್ಣಿಮೆಯು ಗೌರಿ ಹುಣ್ಣಿಮೆ. ಅಂದಿನ ಸಕ್ಕರೆ ಆರತಿಯನ್ನು ಅರಿಯದ ಮನೆ ಈ ಪ್ರಾಂತದಲ್ಲಿ ವಿರಳ. ಆನೆ, ಕುದುರೆ, ಒಂಟೆ, ನವಿಲು, ಬಸವ, ತೇರು, ಗೋಪುರ ಮೊದಲಾದ ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವನ್ನಿಟ್ಟು, ಹೆಣ್ಣುಮಕ್ಕಳು ಹೊಸ ಉಡುಗೆಯುಟ್ಟು ಗೌರಿಯ ಸನ್ನಿಧಿಗೆ ಹೋಗಿ ಬೆಳಗುವರು. ಮದುವೆ ನಿಶ್ಚಯವಾದ ಕನ್ಯೆಗೆ ವರನ ಮನೆಯಿಂದ ಸೀರೆಯೊಡನೆ ಸಕ್ಕರೆಯ ಆರತಿಯು ಬರುವುದು. ಬೆಳಗಿದ ತರುವಾಯ ಗೊಂಬೆಗಳನ್ನು ಒಡೆದು ಹಂಚುವುದೇ ರೂಢಿ. ಕಲ್ಲಿನ ಶಿಲ್ಪವು ಸಾವಿರ ವರ್ಷ ನಿಲ್ಲುತ್ತದೆ. ಈ ಶಿಲ್ಪವು ಮಕ್ಕಳ ಬಾಯಲ್ಲಿ ಕರಗುವುದಕ್ಕಾಗಿಯೇ ಹುಟ್ಟುತ್ತದೆ.

ಮಾಡುವ ಕ್ರಮವು ಸುಲಭವೆಂದು ತೋರಿದರೂ ಸುಲಭವಲ್ಲ. ಬಡಿಗನು ಕೆತ್ತಿಕೊಟ್ಟ ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಯಿಸಬೇಕು. ಇಲ್ಲದಿದ್ದರೆ ಸಕ್ಕರೆಯು ಮರವನ್ನು ಬಿಡದು. ಅಚ್ಚಿನ ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಬೇಕು. ಸಕ್ಕರೆಗೆ ನೀರು ಬೆರೆಸಿ ಕಾಯಿಸಿ, ಸ್ವಲ್ಪ ಹಾಲನ್ನು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು ತಿಳಿಯಾಗಿಸಬೇಕು. ಪಾಕವು ಹದಕ್ಕೆ ಬಂದಾಗ ಪಾತ್ರೆಯ ಅಂಚಿಗೆ ಸವುಟಿನಿಂದ ತಿಕ್ಕಿದರೆ ಅದು ಬೆಳ್ಳಗಾಗತೊಡಗುವುದು. ಆ ಕ್ಷಣದಲ್ಲಿಯೇ ಅಚ್ಚಿಗೆ ಹೊಯ್ಯಬೇಕು. ಒಂದು ನಿಮಿಷ ಮುಂಚೆ ಹೊಯ್ದರೆ ಗೊಂಬೆ ಕಟ್ಟದು. ಒಂದು ನಿಮಿಷ ತಡೆದರೆ ಪಾತ್ರೆಯಲ್ಲಿಯೇ ಕಲ್ಲಾಗುವುದು. ಈ ಹದವನ್ನು ತಿಳಿಸುವ ಯಂತ್ರವು ಹಳೆಯ ಅಡುಗೆಮನೆಯಲ್ಲಿರಲಿಲ್ಲ. ತಾಯಿಯ ಮಗ್ಗುಲಲ್ಲಿ ಕುಳಿತು ನೋಡಿದ ಕಣ್ಣೇ ಅದರ ಯಂತ್ರ.

ಮಕರ ಸಂಕ್ರಮಣದ ಕುಸುರೆಳ್ಳು ಇನ್ನೂ ಹೆಚ್ಚಿನ ತಾಳ್ಮೆಯನ್ನು ಬೇಡುವ ಕೆಲಸ. ಅಗಲವಾದ ತಟ್ಟೆಯನ್ನು ಮಂದವಾದ ಕೆಂಡದ ಮೇಲಿಟ್ಟು, ಎಳ್ಳಿನ ಮೇಲೆ ತೆಳುವಾದ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಬೆರಳುಗಳಿಂದ ಆಡಿಸುತ್ತ ಹೋದರೆ, ಒಂದೊಂದು ಕಾಳಿನ ಮೈಮೇಲೆಯೂ ಸಣ್ಣ ಸಣ್ಣ ಮುಳ್ಳುಗಳು ಏಳುವವು. ಇದು ಒಂದು ದಿನದಲ್ಲಿ ಮುಗಿಯುವುದಿಲ್ಲ. ಕುಸುರೆಳ್ಳನ್ನು ದಾರಕ್ಕೆ ಕಟ್ಟಿ ಮಾಡಿದ ಬಿಳಿಯ ಆಭರಣಗಳನ್ನು ಹೊಸ ಮದುಮಗಳಿಗೂ ಎಳೆಯ ಕೂಸಿಗೂ ತೊಡಿಸುವುದುಂಟು. ಅಕ್ಕಸಾಲಿಗನ ನಯವಾದ ಕೆಲಸಕ್ಕೂ ಕನ್ನಡವು ‘ಕುಸುರಿ’ ಎಂಬ ಮಾತನ್ನೇ ಬಳಸುತ್ತದೆ.

ಈ ಎರಡು ಕೆಲಸಗಳ ಕಾಲವೂ ವಿಚಾರಾರ್ಹ. ಸಕ್ಕರೆಯು ಗಾಳಿಯ ತೇವವನ್ನು ಹೀರುವ ವಸ್ತು. ಮಳೆ ನಿಂತ ಕಾರ್ತಿಕವೂ ಚಳಿಯ ಪುಷ್ಯವೂ ಒಣಗಾಳಿಯ ತಿಂಗಳುಗಳು. ಆಗ ಗೊಂಬೆ ಬೆವರುವುದಿಲ್ಲ, ಕುಸುರಿ ಕರಗುವುದಿಲ್ಲ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ರಾಯಚೂರಿನ ಬಿಸಿಲಿನಲ್ಲಿ ಕೇಕಿನ ಮೇಲಣ ಕೆನೆಯ ಹೂವನ್ನು ನಿಲ್ಲಿಸಲು ಹೆಣಗುವ ಇಂದಿನ ಕಲಿಕೆಯವರು ಈ ಮಾತನ್ನು ಬೇಗನೆ ಒಪ್ಪುವರು. ಅವರಿಗೆ ಶೀತಕಪೆಟ್ಟಿಗೆಯ ಆಸರೆ ಉಂಟು. ಹಿಂದಿನವರು ಪಂಚಾಂಗವನ್ನೇ ಆಸರೆಯಾಗಿ ಮಾಡಿಕೊಂಡಿದ್ದರು.

ಬಿಳಿಯ ಸಕ್ಕರೆಯು ಎಲ್ಲ ಮನೆಗಳಿಗೂ ಎಟುಕುವ ವಸ್ತುವಾಗಿರಲಿಲ್ಲ. ಬಡವರ ಸಿಹಿಯೆಂದರೆ ಬೆಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುದರಿಂದ ಹೊರಗಣ ಸರಕು ಈ ಪೇಟೆಗೆ ಸುಲಭವಾಗಿ ಬರತೊಡಗಿತು. ೧೯೩೨ರಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆಯ ಕಾಯಿದೆಯಾದ ಮೇಲೆ, ಮೂವತ್ತರಷ್ಟಿದ್ದ ಭಾರತದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರನ್ನು ಮೀರಿದವು. ಶ್ರೀಮಂತರ ಸಕ್ಕರೆಯು ಸಾಮಾನ್ಯರ ಸಕ್ಕರೆಯಾದುದು ಹೀಗೆ.

ಇನ್ನು ಹೊರಗಣ ಪ್ರಪಂಚದ ಸಂಗತಿ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಕೈರೋ ನಗರವನ್ನು ಕಂಡ ಪಾರಸಿಯ ಪ್ರವಾಸಿ ನಾಸಿರ್ ಖುಸ್ರೋ, ಅಲ್ಲಿನ ಸುಲ್ತಾನನ ಔತಣದಲ್ಲಿ ಎಲೆ ಕೊಂಬೆ ಹಣ್ಣುಗಳೊಡನೆ ಸಕ್ಕರೆಯಿಂದಲೇ ಮಾಡಿದ ಕಿತ್ತಳೆಯ ಮರವನ್ನು ವರ್ಣಿಸಿದ್ದಾನೆ. ಆ ರುಚಿಯು ಯುರೋಪಿನ ಅರಮನೆಗಳಿಗೂ ಹಬ್ಬಿತು. ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯ ವಿವಾಹದಲ್ಲಿ ಬಿಳಿಯ ಸಕ್ಕರೆಯಿಂದ ಸಿಂಗರಿಸಿದ ಕೇಕು ಪ್ರಸಿದ್ಧವಾಗಿ, ಮದುವೆಯ ಕೇಕಿಗೆ ಮಾದರಿಯಾಯಿತು. ಆದರೆ ಅದುವರೆಗೂ ಈ ಕೆಲಸವು ವೃತ್ತಿಯವರ ಗುಟ್ಟು. ಅಮೆರಿಕೆಯ ಶಿಕಾಗೋ ನಗರದಲ್ಲಿ ಡ್ಯೂಯಿ ಮೆಕಿನ್ಲಿ ವಿಲ್ಟನ್ ಎಂಬ ಮಿಠಾಯಿ ಕೆಲಸದವನು ೧೯೨೯ರಲ್ಲಿ ಕೇಕಿನ ಅಲಂಕಾರವನ್ನು ಪಾಠವಾಗಿ ಹೇಳಿಕೊಡತೊಡಗಿದನು. ಮೊದಲು ಹೋಟೆಲುಗಳ ಅಡುಗೆಯವರು ಕಲಿತರು. ತರುವಾಯ ಮನೆಯವರೂ ಕಲಿತರು. ಗುಟ್ಟು ಪಾಠವಾಯಿತು, ಪಾಠವು ಹವ್ಯಾಸವಾಯಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಜನರು ಮನೆಗಳಲ್ಲಿಯೇ ಉಳಿಯಬೇಕಾಗಿ ಬಂದಾಗ ಈ ಹವ್ಯಾಸವು ಭಾರತದ ಸಣ್ಣ ಊರುಗಳಲ್ಲಿಯೂ ಬೇರೂರಿತು. ಕೈಯಲ್ಲಿರುವ ಮೊಬೈಲ್ ಫೋನೇ ಗುರುವಾಯಿತು.

ಎರಡು ವಿದ್ಯೆಗಳ ಮೂಲತತ್ತ್ವವೂ ಒಂದೇ. ಕೇಕಿನ ಮೇಲೆ ಹೊಯ್ಯುವ ಫಾಂಡೆಂಟನ್ನು ಮಾಡಲು ಪಾಕವನ್ನು ಸುಮಾರು ೧೧೫ ಡಿಗ್ರಿಯವರೆಗೆ ಕಾಯಿಸಿ, ಕದಲಿಸದೆ ಆರಿಸಿ, ಆಮೇಲೆ ಬಡಿಯುವರು. ಹರಳುಗಳು ನಾಲಗೆಗೆ ತಿಳಿಯದಷ್ಟು ಸಣ್ಣವಾಗಿ, ಮುದ್ದೆಯು ಬೆಣ್ಣೆಯಂತಾಗುವುದು. ಆರತಿಯ ಪಾಕವನ್ನು ಬಿಸಿಯಿರುವಾಗಲೇ ತಿಕ್ಕುವರು. ಹರಳುಗಳು ಬೇಗನೆ ಕೂಡಿ ಗೊಂಬೆಯು ಗಟ್ಟಿಯಾಗುವುದು. ಹರಳನ್ನು ಎಂದು ಕರೆಯಬೇಕು, ಎಂದು ತಡೆಯಬೇಕು ಎಂಬುದೇ ಎರಡರ ಶಾಸ್ತ್ರವೂ. ಜಾಮೂನಿನ ಪಾಕಕ್ಕೆ ನಿಂಬೆಯ ಹನಿಯನ್ನು ಹಿಂಡಿ ಹರಳುಗಟ್ಟದಂತೆ ಮಾಡುವ ಅಜ್ಜಿಯು ರಸಾಯನಶಾಸ್ತ್ರವನ್ನು ಓದಿದವಳಲ್ಲ. ಆದರೂ ಆಕೆಯು ಮಾಡುವುದು ರಸಾಯನವೇ.

ಹಾಗಾದರೆ ಭೇದವೆಲ್ಲಿ? ಕೇಕಿನ ವಿದ್ಯೆಗೆ ಇಂದು ಗುರುವುಂಟು, ಶುಲ್ಕವುಂಟು, ಪ್ರಮಾಣಪತ್ರವುಂಟು, ಕಲಿತವಳನ್ನು ಕಲಾವಿದೆಯೆನ್ನುವರು. ಸಕ್ಕರೆಯ ಆರತಿಯನ್ನು ಎರೆದವಳನ್ನು ಯಾರೂ ಹಾಗೆ ಕರೆಯಲಿಲ್ಲ. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರ ಹೆಸರೂ, ಮಾನ್ವಿಯಲ್ಲಿ ನೆಲಸಿ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಹೆಸರೂ ಮನೆಮನೆಯಲ್ಲಿ ಉಳಿದಿವೆ. ಅವರ ಕೃತಿಗಳನ್ನು ಬಾಯಿಪಾಠ ಮಾಡಿಕೊಂಡು ಹಾಡುತ್ತ ಬಂದ ಹೆಂಗಸರ ಕಂಠವೂ ಅದಕ್ಕೆ ಕಾರಣ. ಆ ಹೆಂಗಸರ ಕೈಗೆಲಸಕ್ಕೆ ಮಾತ್ರ ಅಂಥ ಹಾಡು ಹುಟ್ಟಲಿಲ್ಲ.

ಹಳೆಯದೆಲ್ಲವೂ ಮೇಲೆಂಬುದು ಈ ಮಾತಿನ ಅಭಿಪ್ರಾಯವಲ್ಲ. ಆರತಿಯ ತಟ್ಟೆಯು ಕನ್ಯೆಯರಿಗೂ ಮುತ್ತೈದೆಯರಿಗೂ ಮೀಸಲಾಗಿತ್ತು. ಗಂಡನನ್ನು ಕಳೆದುಕೊಂಡವಳು, ವಯಸ್ಸು ಹದಿನೆಂಟಾಗಿರಲಿ ಎಂಬತ್ತಾಗಿರಲಿ, ಅದರಿಂದ ದೂರ ನಿಲ್ಲಬೇಕಾಗಿತ್ತು. ಕೇಕನ್ನು ಸಿಂಗರಿಸಲು ಕುಳಿತವಳನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಮಾಡುವವಳ ಮನಸ್ಸಿನ ಸಂತೋಷವೇ ಸಾಕೆಂದು ಒಪ್ಪಿಕೊಂಡುದು ಹೊಸ ಹವ್ಯಾಸದ ದೊಡ್ಡಸ್ತಿಕೆ. ಮಾನಸೋಲ್ಲಾಸದಲ್ಲಿ ಎಡೆ ದೊರೆಯದ ವಿನೋದವು ಇಲ್ಲಿ ದೊರೆತಿದೆ.

ಆದುದರಿಂದ ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯಬೇಕಾದುದಿಲ್ಲ. ಇಂದು ಆರತಿಯ ಗೊಂಬೆಗಳು ಪೇಟೆಯಲ್ಲಿ ಸಿದ್ಧವಾಗಿ ದೊರೆಯುವುದರಿಂದ ಮರದ ಅಚ್ಚುಗಳು ಅನೇಕ ಮನೆಗಳಲ್ಲಿ ಅಟ್ಟವನ್ನೇರಿವೆ. ಅಚ್ಚು ಹುಳ ಹಿಡಿದರೆ ಬಡಿಗನು ಮತ್ತೊಂದನ್ನು ಕೆತ್ತಬಲ್ಲನು. ಪಾಕದ ಹದವನ್ನು ಬಲ್ಲ ಕಣ್ಣು ಮುಚ್ಚಿದರೆ ಅದನ್ನು ಕೆತ್ತಿಕೊಡುವವರಿಲ್ಲ. ಕೆನೆಯ ಗುಲಾಬಿಯನ್ನು ಅರಳಿಸಲು ಕಲಿತ ಕೈಗೆ ಸಕ್ಕರೆಯ ನವಿಲನ್ನು ಎರೆಯುವುದು ಕಠಿನವಲ್ಲ. ಬರುವ ಗೌರಿ ಹುಣ್ಣಿಮೆಗೆ ಮುಂಚೆ ಅಂಥ ಒಬ್ಬಳು ತನ್ನ ಮನೆಯ ಅಥವಾ ನೆರೆಯ ಮನೆಯ ವೃದ್ಧೆಯ ಬಳಿ ಕುಳಿತು, ಹದವನ್ನು ಕೇಳಿ, ನೋಡಿ, ಬರೆದಿಟ್ಟುಕೊಂಡು, ಆ ಬರಹದ ಮೇಲೆ ಹೇಳಿಕೊಟ್ಟವಳ ಹೆಸರನ್ನೂ ಇಸವಿಯನ್ನೂ ಹಾಕಿದರೆ, ಶಾಸ್ತ್ರಕಾರರು ಬಿಟ್ಟುಹೋದ ಒಂದು ಅಧ್ಯಾಯವು ಅಲ್ಲಿಂದ ಮೊದಲಾದೀತು.